ಮಡಿಕೇರಿಗೆ ಎರಡು ದಿನ, ಬಸ್ಸಿನಲ್ಲಿ, ಜೊತೆಗೆ ಅಮ್ಮನ ಮಂಡಿನೋವು. ಏನು ನೋಡಬಹುದು?

ರಾಗಿಮುದ್ದೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಒಂದು ಶನಿವಾರ, ಭಾನುವಾರ ಮಡಿಕೇರಿಗೆ ಹೋಗೋಣ ಅಂತಿದ್ದೇವೆ. ನಾನು, ಅಮ್ಮ, ಒಂಬತ್ತು ವರ್ಷದ ಮಗ. ಮನೆಯವರಿಗೆ ರಜೆ ಸಿಗಲಿಲ್ಲ. ಕಾರಿದೆ, ಆದರೆ ಆ ತಿರುವುಗಳಲ್ಲಿ ಓಡಿಸುವ ಧೈರ್ಯ ನನಗಿಲ್ಲ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹಿಡಿಯುವುದು ಅಂತ ಲೆಕ್ಕ.

ವಾಟ್ಸ್ಆ್ಯಪ್‌ನಲ್ಲಿ ಯಾರೋ ಒಂದು ಪಟ್ಟಿ ಕಳಿಸಿದ್ದಾರೆ. ಅಬ್ಬಿ, ರಾಜಾಸೀಟ್, ಮಾಂದಲಪಟ್ಟಿ, ದುಬಾರೆ, ನಿಸರ್ಗಧಾಮ, ಗೋಲ್ಡನ್ ಟೆಂಪಲ್, ಭಾಗಮಂಡಲ, ತಲಕಾವೇರಿ, ಇನ್ನೂ ಏನೇನೋ, ಒಟ್ಟು ಹನ್ನೊಂದು ಜಾಗ, ಎರಡು ದಿನದಲ್ಲಿ. ಇದು ಆಗುವ ಮಾತಾ? ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಹಳೇ ಕಟ್ಟಡ ಕಂಡರೆ ಅಲ್ಲೇ ನಿಂತುಬಿಡುತ್ತಾರೆ, ಬೋರ್ಡ್ ಇದ್ದರೆ ಕೊನೇ ಸಾಲಿನವರೆಗೂ ಓದುತ್ತಾರೆ. ಆದರೆ ಮಂಡಿನೋವು, ಮೆಟ್ಟಿಲು ಜಾಸ್ತಿ ಇದ್ದರೆ ಆಗುವುದಿಲ್ಲ. ಮಗನಿಗೆ ಆನೆ ಬೇಕು, ಅಷ್ಟೇ. ಗೊತ್ತಿರುವವರು ದಯವಿಟ್ಟು ಹೇಳಿ.

ಮಂಜಿನೂರು:
ಮೇಡಂ, ಮೊದಲು ಆ ಪಟ್ಟಿ ಡಿಲೀಟ್ ಮಾಡಿ. ನಾನು ಹುಟ್ಟಿದ್ದೇ ಮಡಿಕೇರಿಯಲ್ಲಿ, ಈಗಲೂ ಮಹದೇವಪೇಟೆಯಲ್ಲಿ ಅಂಗಡಿ. ದುಬಾರೆ ಒಂದು ದಿಕ್ಕು, ತಲಕಾವೇರಿ ಇನ್ನೊಂದು ದಿಕ್ಕು, ಮಾಂದಲಪಟ್ಟಿ ಮತ್ತೊಂದು. ಇದನ್ನೆಲ್ಲ ಎರಡು ದಿನದಲ್ಲಿ ನೋಡಿ ಬಂದೆ ಅನ್ನುವವರು ನಿಜಕ್ಕೂ ನೋಡಿರುವುದು ಗಾಡಿಯ ಮುಂದಿನ ಸೀಟಿನ ಬೆನ್ನು. ಅಬ್ಬಿಗೆ ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ವಾಪಸ್ ಹತ್ತಬೇಕು, ಅಮ್ಮನಿಗೆ ಬೇಡ. ಮಾಂದಲಪಟ್ಟಿಗೆ ಜೀಪ್ ಮಾಡಬೇಕು, ಆ ಕುಲುಕಾಟಕ್ಕೆ ಗಟ್ಟಿ ಇರುವ ಸೊಂಟವೇ ಉಳಿಯುವುದಿಲ್ಲ.

ರಾತ್ರಿ ಬಸ್ಸೂ ಬೇಡ. ಬೆಳಗಿನ ಜಾವ ಕತ್ತಲಲ್ಲೇ ಇಳಿಸಿಬಿಡುತ್ತಾರೆ. ರೂಮು ಸಿಗುವುದು ಮಧ್ಯಾಹ್ನಕ್ಕೆ. ಡಿಸೆಂಬರ್ ಚಳಿಯಲ್ಲಿ ಸ್ವೆಟರ್ ಮೇಲೆ ಶಾಲು ಹೊದ್ದು ಬಸ್ ಸ್ಟ್ಯಾಂಡಿನಲ್ಲಿ ಕೂತಿರುವ ಅಮ್ಮಂದಿರನ್ನು ಪ್ರತಿ ವೀಕೆಂಡೂ ನೋಡುತ್ತೇನೆ. ಶನಿವಾರ ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನ ಊಟಕ್ಕೆ ಇಲ್ಲಿರುತ್ತೀರಿ.

ಊಟ ಆದಮೇಲೆ ಕೋಟೆ. ಬಸ್ ಸ್ಟ್ಯಾಂಡಿನಿಂದ ಹತ್ತಿರವೇ, ಆದರೆ ಏರು, ಆಟೋ ಮಾಡಿ. 1681ರಲ್ಲಿ ಕೊಡಗು ಆಳುತ್ತಿದ್ದ ಹಾಲೇರಿ ವಂಶದ ಮುದ್ದುರಾಜ ಇಲ್ಲಿ ಮಣ್ಣಿನ ಕೋಟೆ ಕಟ್ಟಿ ಊರು ಮಾಡಿದ, ಮುದ್ದುರಾಜಕೇರಿ ಅನ್ನುವುದೇ ಬಾಯಿಂದ ಬಾಯಿಗೆ ಸವೆದು ಮಡಿಕೇರಿ ಆಯಿತು. ಮಣ್ಣಿನದನ್ನು ಕಲ್ಲಿನದು ಮಾಡಿಸಿದ್ದು ಟಿಪ್ಪು. ಜಾಫರಾಬಾದ್ ಅಂತ ಹೆಸರೂ ಇಟ್ಟ, ಹೆಸರು ನಿಲ್ಲಲಿಲ್ಲ, ಗೋಡೆ ನಿಂತಿತು. ಒಳಗಿನ ಅರಮನೆಯನ್ನು ಈಗಿನ ರೂಪಕ್ಕೆ ತಂದದ್ದು ಅದೇ ವಂಶದ ಲಿಂಗರಾಜೇಂದ್ರ, 1812ರಿಂದ 1814ರ ನಡುವೆ. ಬ್ರಿಟಿಷರು ಬಂದವರು ಕೋಟೆಯೊಳಗೇ ಒಂದು ಚರ್ಚ್ ಕಟ್ಟಿಕೊಂಡರು, 1855ರಲ್ಲಿ. ಅದೇ ಈಗ ಮ್ಯೂಸಿಯಂ, ವೀರಗಲ್ಲುಗಳೆಲ್ಲ ಅಲ್ಲಿವೆ. ಸೋಮವಾರ ಮುಚ್ಚಿರುತ್ತದೆ, ನಿಮಗೆ ತೊಂದರೆ ಇಲ್ಲ. ಅಂದರೆ ಒಂದೇ ಅಂಗಳದಲ್ಲಿ ನಾಲ್ಕು ಕಾಲ ನೋಡಬಹುದು. ಅಮ್ಮನಿಗೆ ಒಂದೂವರೆ ಗಂಟೆ ಕೊಡಿ. ಮಗನಿಗೆ ಆನೆಯೂ ಅಲ್ಲೇ ಇದೆ, ಎರಡು, ಗಾರೆಯವು, ನಿಜವಾದ ಆನೆಯಷ್ಟೇ ಎತ್ತರ.

ಆಮೇಲೆ ಓಂಕಾರೇಶ್ವರ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಎದುರಿಗೆ ಕೊಳ, ನಡುವೆ ಒಂದು ಮಂಟಪ, ದೇವಸ್ಥಾನದ ಮೇಲೆ ಗುಮ್ಮಟ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ್ದ, ಆ ಬ್ರಹ್ಮರಾಕ್ಷಸನ ಕಾಟ ತಪ್ಪಿಸಲು ಕಾಶಿಯಿಂದ ಲಿಂಗ ತರಿಸಿ ಕಟ್ಟಿಸಿದ ಅಂತ ನಮ್ಮಲ್ಲಿ ಕಥೆ. ಅರ್ಚಕರಿಗೆ ಬಿಡುವಿದ್ದರೆ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸಂಜೆ ಎಲ್ಲರೂ ರಾಜಾಸೀಟ್‌ಗೆ ಓಡುತ್ತಾರೆ, ನೀವು ಗದ್ದುಗೆಗೆ, ಅಂದರೆ ರಾಜರ ಸಮಾಧಿಗಳಿರುವ ಕಡೆ ಹೋಗಿ. ಮಹದೇವಪೇಟೆ ದಾಟಿ ಮೇಲೆ. ದೂರದಿಂದ ನೋಡಿದವರು ಮಸೀದಿ ಅಂದುಕೊಳ್ಳುತ್ತಾರೆ. ದೊಡ್ಡ ಗುಮ್ಮಟ, ನಾಲ್ಕು ಮೂಲೆಗೂ ಮಿನಾರು. ಹತ್ತಿರ ಹೋಗಿ ತಲೆ ಎತ್ತಿದರೆ ಬಸವ ಕೂತಿರುತ್ತಾನೆ. ಹಾಲೇರಿ ಅರಸರು ಲಿಂಗಾಯತರು, ಹಾಗಾಗಿ ಸಮಾಧಿ. 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರ, ರಾಣಿ ಮಹದೇವಮ್ಮಾಜಿ, ಪಕ್ಕದಲ್ಲಿ ಲಿಂಗರಾಜೇಂದ್ರ. ನಮ್ಮ ಮಹದೇವಪೇಟೆಗೆ ಹೆಸರು ಬಂದದ್ದು ಆ ರಾಣಿಯಿಂದಲೇ. ಅಲ್ಲೇ ರಾಜರ ಅಧಿಕಾರಿ ಬಿದ್ದಂಡ ಬೋಪು, ಅವರ ಮಗನ ಸಮಾಧಿಯೂ ಇದೆ. ಅಲ್ಲಿ ಗಲಾಟೆ ಇರುವುದಿಲ್ಲ, ಮಂಜು ಇಳಿಯುವಾಗ ಚೆನ್ನಾಗಿರುತ್ತದೆ. ನಾನು ಅಂಗಡಿ ಬಾಗಿಲು ಹಾಕಿದ ದಿನ ಸುಮ್ನೆ ಹೋಗಿ ಕೂತು ಬರುತ್ತೇನೆ.

ಕೆಆರ್‌ಎಸ್‌ಗಾಳಿ:
ಮಂಜಿನೂರು ಅಣ್ಣ, ನಿಮ್ಮ ಊರಿನ ಅಭಿಮಾನ ಒಪ್ಪಿದೆ. ಆದರೆ ಒಂಬತ್ತು ವರ್ಷದ ಹುಡುಗನನ್ನು ಕರೆದುಕೊಂಡು ಹೋಗಿ ಸಮಾಧಿ ತೋರಿಸಿದರೆ ಅವನು ಮುಂದೆ ಅಮ್ಮನ ಜೊತೆ ಎಲ್ಲಿಗೂ ಬರುವುದಿಲ್ಲ. ಮೈಸೂರಿನಿಂದ ನಾವು ವರ್ಷಕ್ಕೆ ಮೂರು ಸಲ ಹೋಗುತ್ತೇವೆ. ಮಕ್ಕಳಿದ್ದರೆ ದಾರಿಯಲ್ಲೇ ಸಿಗುವ ಬೈಲಕುಪ್ಪೆ ಬಿಡಬಾರದು, ನಿಮ್ಮ ಪಟ್ಟಿಯ ಗೋಲ್ಡನ್ ಟೆಂಪಲ್ ಇರುವುದು ಅಲ್ಲೇ. ಅದು ಕೊಡಗಲ್ಲ, ನಮ್ಮ ಪಿರಿಯಾಪಟ್ಟಣ ತಾಲ್ಲೂಕು, ಎಲ್ಲರೂ ಕೊಡಗಿನ ಲೆಕ್ಕಕ್ಕೆ ಹಾಕುತ್ತಾರೆ. 1960ರ ದಶಕದಲ್ಲಿ ಟಿಬೆಟಿನವರು ಬಂದು ನೆಲೆಸಿದ ಜಾಗ. ಆ ದೊಡ್ಡ ಬಂಗಾರದ ಬುದ್ಧನ ಮುಂದೆ ಎಂಥ ತುಂಟ ಹುಡುಗನೂ ಒಂದು ನಿಮಿಷ ಬಾಯಿ ಮುಚ್ಚುತ್ತಾನೆ. ಜಾಗ ಬಹುಪಾಲು ಸಮತಟ್ಟು. ಆಮೇಲೆ ಮೊಮೊ. ಅಷ್ಟೇ ನನ್ನ ಮಾತು.

ಕಾಫಿಹೂ:
ಭಾನುವಾರ ಬೇರೆ ಎಲ್ಲೂ ಬೇಡ, ನಮ್ಮ ಕಕ್ಕಬ್ಬೆ ಕಡೆ ಬನ್ನಿ, ನಾಲ್ಕುನಾಡು ಅರಮನೆಗೆ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಸುಮಾರು ಒಂದೂವರೆ ಗಂಟೆ. ಬಸ್ಸಿದೆ, ಕೈಕಂಬದಲ್ಲಿ ಇಳಿಯಬೇಕು. ಆದರೆ ಅಲ್ಲಿಂದ ಮೇಲೆ ಏರು ರಸ್ತೆ, ಟ್ರೆಕ್ಕಿಂಗ್ ಹುಡುಗರು ನಡೆಯುತ್ತಾರೆ, ಅಮ್ಮನಿಂದ ಆಗುವುದಿಲ್ಲ. ಮಡಿಕೇರಿಯಲ್ಲೇ ಒಂದು ದಿನಕ್ಕೆ ಕಾರು ಮಾತಾಡಿಕೊಳ್ಳಿ.

ಅರಮನೆ ಅಂದ ತಕ್ಷಣ ಮೈಸೂರು ನೆನಪು ಮಾಡಿಕೊಂಡು ಬಂದರೆ ಬೇಜಾರಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ತೊಟ್ಟಿಮನೆ ಥರ ಇದೆ. ಎರಡು ಅಂತಸ್ತು, ಮರದ ಕಂಬ, ಗೋಡೆ ಮೇಲೆ ಮಾಸಿದ ಚಿತ್ರ, ಕತ್ತಲೆ ಕೋಣೆ. ಆದರೆ ಅದು ಅಲ್ಲಿ ಯಾಕಿದೆ ಅಂತ ಗೊತ್ತಾದರೆ ಬೇರೆಯೇ ಕಾಣುತ್ತದೆ. ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದವನು, 1788ರಲ್ಲಿ ತಪ್ಪಿಸಿಕೊಂಡು ಬಂದ. ಅಂಥವನು ಮನೆ ಕಟ್ಟಿದರೆ ಎಲ್ಲಿ ಕಟ್ಟುತ್ತಾನೆ? ಹಿಂದೆ ತಡಿಯಂಡಮೋಳ್, ಕೊಡಗಿನ ಎತ್ತರದ ಬೆಟ್ಟ, 1,748 ಮೀಟರ್. ಮುಂದೆ ಕಾಡು. ಯಾರು ಬಂದರೂ ಮೇಲಿಂದ ಮೊದಲೇ ಕಾಣಬೇಕು. 1792ರಲ್ಲಿ ಶುರು ಮಾಡಿ ಕಟ್ಟಿಸಿದ್ದು. ಅಂಗಳದಲ್ಲಿ ಒಂದು ಚಿಕ್ಕ ಮಂಟಪ ಇದೆ, ಅವನ ಮದುವೆ ಮಂಟಪ. ಹುಡುಗಿ ಮಹದೇವಮ್ಮಾಜಿ, ಹಿಂದಿನ ದಿನ ಗದ್ದುಗೆಯಲ್ಲಿ ನೋಡಿರುತ್ತೀರಲ್ಲ, ಅವರೇ.

ಕೊನೇ ರಾಜ ಚಿಕ್ಕವೀರರಾಜೇಂದ್ರನೂ 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಮಡಿಕೇರಿ ಬಿಟ್ಟು ಬಂದು ಕೂತದ್ದು ಇಲ್ಲೇ. ಇಲ್ಲಿಂದ ಶರಣಾಗಿ ಕಾಶಿಗೆ, ಆಮೇಲೆ ಲಂಡನ್‌ಗೆ ಹೋದ. 1859ರಲ್ಲಿ ಅಲ್ಲೇ ತೀರಿಕೊಂಡ. ಚಿಕ್ಕವಳಿದ್ದಾಗ ನಮ್ಮಜ್ಜಿ ಈ ಕಥೆ ಹೇಳುವಾಗ ಲಂಡನ್ ಅನ್ನುವುದು ವಿರಾಜಪೇಟೆಯಿಂದ ಸ್ವಲ್ಪ ಆಚೆ ಇರಬೇಕು ಅಂದುಕೊಂಡಿದ್ದೆ.

ವಾಪಸ್ ಬರುವಾಗ ಪಾಡಿ ಇಗ್ಗುತ್ತಪ್ಪ ದೇವಸ್ಥಾನ. ಮಳೆ, ಬೆಳೆ ಕೊಡುವ ದೇವರು. ಡಿಸೆಂಬರ್‌ಗೆ ಕಾಫಿ ಕೊಯ್ಲು ಶುರುವಾಗಿರುತ್ತದೆ, ಕಣದಲ್ಲಿ ಹಣ್ಣು ಹರಡಿರುತ್ತಾರೆ. ರಸ್ತೆಯಲ್ಲಿ ಆ ಹುಳಿಹುಳಿ ವಾಸನೆ ಬಂದರೆ ಏನೋ ಕೊಳೆತಿದೆ ಅಂತ ಮೂಗು ಮುಚ್ಚಬೇಡಿ, ಅದೇ ನಿಮ್ಮ ಕಾಫಿ.

ಬಾಣೆಮನೆ:
ನಾನು ವಿರಾಜಪೇಟೆ ಕಡೆಯ ಬೆಳೆಗಾರ. ಬರಬೇಡಿ ಅನ್ನುವುದಿಲ್ಲ, ಬನ್ನಿ. ಆದರೆ ಭಾರತದ ಸ್ಕಾಟ್ಲೆಂಡ್ ಅಂತ ಬರೆದುಕೊಂಡು ಬಂದು ತೋಟದ ಬೇಲಿ ದಾಟಿ ಫೋಟೋ ತೆಗೆಯುವುದು, ಬಾಟ್ಲಿ ಎಸೆಯುವುದು, ಇದು ಸಾಕಾಗಿದೆ. ಹೋದ ವರ್ಷ ನನ್ನ ತೋಟದ ಅಂಚಿನಲ್ಲಿ ಒಂದೇ ಭಾನುವಾರ ಎರಡು ಗೋಣಿಚೀಲ ಬಾಟ್ಲಿ ಆರಿಸಿದ್ದೇವೆ. ಮೇಡಂ, ಇದು ನಿಮಗೆ ಹೇಳಿದ್ದಲ್ಲ, ಓದುವ ಬಾಕಿಯವರಿಗೆ.

ಎರಡು ವಿಷಯ. ಹೋಂಸ್ಟೇ ಬುಕ್ ಮಾಡುವ ಮುಂಚೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಕೇಳಿ, ಕೊನೇ ಒಂದು ಕಿಲೋಮೀಟರ್ ರಸ್ತೆ ಹೇಗಿದೆ ಅಂತಲೂ ಕೇಳಿ. ಇನ್ನೊಂದು, ರಸ್ತೆ ಬದಿ ಜೇನು ತಗೋಬೇಡಿ, ಅರ್ಧ ಬೆಲ್ಲದ ಪಾಕ. ಸಹಕಾರ ಸಂಘದ ಅಂಗಡಿಯಲ್ಲಿ ತಗೊಳ್ಳಿ.

ನಾಲ್ಕುನಾಡಿನಿಂದ ಸಮಯ ಉಳಿದರೆ ನಮ್ಮ ವಿರಾಜಪೇಟೆ ಕಡೆಯಿಂದ ಸುತ್ತಿ ಹೋಗಿ. ಅದೂ ದೊಡ್ಡವೀರರಾಜೇಂದ್ರ ಕಟ್ಟಿದ ಪೇಟೆಯೇ, 1792. ವೀರರಾಜೇಂದ್ರಪೇಟೆ. ಇವತ್ತಿಗೂ ಅಲ್ಲಿ ಪೇಟೆ ಅಂದರೆ ಪೇಟೆ, ಪ್ರವಾಸಿಗರಿಗೆ ಅಂತ ವೇಷ ಹಾಕಿಲ್ಲ. ಯಾರೂ ನಿಲ್ಲಿಸುವುದಿಲ್ಲ ಅನ್ನುವುದೇ ಅದರ ಪುಣ್ಯ.

ರಾಗಿಮುದ್ದೆ:
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ತುಂಬ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಗದ್ದುಗೆಯೂ ನಾಲ್ಕುನಾಡೂ ಗಟ್ಟಿ ಅಂದರು. ಒಂದೇ ಪ್ರಶ್ನೆ, ಅಮ್ಮ ಸಸ್ಯಾಹಾರಿ. ಕೊಡಗಿನಲ್ಲಿ ಹಂದಿ ಬಿಟ್ಟು ಬೇರೆ ಏನೂ ಸಿಗುವುದಿಲ್ಲ ಅಂತ ಆಫೀಸಿನಲ್ಲಿ ಹೆದರಿಸಿದ್ದಾರೆ.

ಕಾಫಿಹೂ:
ಆಫೀಸಿನವರಿಗೆ ಪಂದಿಕರಿ ಬಿಟ್ಟು ಬೇರೆ ಗೊತ್ತಿಲ್ಲ ಅಷ್ಟೇ. ಅಕ್ಕಿ ರೊಟ್ಟಿ, ಜೊತೆಗೆ ಎಳ್ಳು ಪಜ್ಜಿ, ಅಂದರೆ ಎಳ್ಳಿನ ಚಟ್ನಿ. ನೂಲ್‌ಪುಟ್ಟು, ಪಾಪುಟ್ಟು, ಕಡಂಬುಟ್ಟು, ಎಲ್ಲ ಅಕ್ಕಿಯದೇ, ಕುಂಬಳಕಾಯಿ ಕರಿ ಜೊತೆ ಕೊಡಿ ಅನ್ನಿ. ಪಾಪುಟ್ಟು ಬಿಸಿ ಇರುವಾಗ ಮೇಲೆ ತುಪ್ಪ, ಸ್ವಲ್ಪ ಜೇನು ಹಾಕಿಕೊಂಡರೆ ನಿಮ್ಮ ಮಗ ಬೇರೆ ಕೇಳುವುದಿಲ್ಲ. ಕಣಿಲೆ, ಅಂದರೆ ಎಳೆಬಿದಿರು, ಮಳೆಗಾಲದ್ದು, ಈಗ ಸಿಗುವುದಿಲ್ಲ. ಹೋಂಸ್ಟೇಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ಬಂದು ನಿಂತ ಮೇಲೆ ಹೇಳಿದರೆ ಅನ್ನ, ಸಾರು, ಹಪ್ಪಳ.

ರಾಗಿಮುದ್ದೆ:
ಹೋಗಿ ಬಂದೆವು! ಹೇಳದೆ ಇದ್ದರೆ ತಪ್ಪಾಗುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ಬಾಣೆಮನೆ ಅವರು ಹೇಳಿದ ಪ್ರಶ್ನೆ ಕೇಳುವಷ್ಟರಲ್ಲಿ ನಾನು ಬುಕ್ ಮಾಡಿ ಆಗಿತ್ತು. ಊರಿಂದ ಎರಡು ಕಿಲೋಮೀಟರ್ ಅಂದಿದ್ದರು. ಏಳು ಇತ್ತು. ಕೊನೇ ತಿರುವಿನಲ್ಲಿ ಆಟೋದವರು ಇಂಜಿನ್ ಆಫ್ ಮಾಡಿ, ಅಕ್ಕಾ, ಇಲ್ಲಿಂದ ಮುಂದೆ ಜೀಪೇ ಹೋಗೋದು, ನಂದು ಹೋಗಲ್ಲ ಅಂದರು. ಇಳಿಜಾರು ಮಣ್ಣಿನ ರಸ್ತೆ. ಫೋನ್ ಮಾಡಿದರೆ ಜೀಪಿಗೆ ಬೇರೆ ದುಡ್ಡು. ಅಮ್ಮ ಬ್ಯಾಗಿನ ಮೇಲೆ ಕೂತು, ಹನ್ನೊಂದು ಜಾಗ ಬಿಟ್ಟಿದ್ದಕ್ಕೆ ಹನ್ನೆರಡನೆಯದು ಸಿಕ್ಕಿತು ನೋಡು ಅಂದರು.

ಕೋಟೆಯಲ್ಲಿ ಒಂದೂವರೆ ಅಲ್ಲ, ಎರಡೂಕಾಲು ಗಂಟೆ ಆಯಿತು. ಅಮ್ಮ ಮ್ಯೂಸಿಯಂನಲ್ಲಿ ಒಂದೊಂದೇ ವೀರಗಲ್ಲಿನ ಮುಂದೆ ನಿಂತು ಮಗನಿಗೆ ಪಾಠ. ಕೆಳಗಿನ ಪಟ್ಟಿಯಲ್ಲಿ ಯುದ್ಧ, ನಡುವೆ ಸ್ವರ್ಗಕ್ಕೆ ಕರೆದುಕೊಂಡು ಹೋಗುವುದು, ಮೇಲೆ ಕೈಲಾಸ. ಅವನು ಮೂರನೇ ಕಲ್ಲಿಗೆ ತಾನೇ ಓದಲು ಶುರು ಮಾಡಿದ. ಗಾರೆ ಆನೆ ನೋಡಿ ಮಾತ್ರ ಇದು ಮೋಸ ಅಂತ ಕೂಗಿದ. ಐದು ನಿಮಿಷ ಬಿಟ್ಟು ಅದರ ಸೊಂಡಿಲ ಪಕ್ಕ ನಿಂತು ಹನ್ನೆರಡು ಫೋಟೋ ತೆಗೆಸಿಕೊಂಡ.

ಗದ್ದುಗೆಗೆ ಹೋದಾಗ ಐದು ದಾಟಿತ್ತು. ಮೂರು ಹಸು, ಓದುತ್ತಾ ಕೂತ ಇಬ್ಬರು ಕಾಲೇಜು ಹುಡುಗಿಯರು, ನಾವು, ಬೇರೆ ಯಾರೂ ಇಲ್ಲ. ಬಸವನನ್ನು ಮೊದಲು ಕಂಡುಹಿಡಿದದ್ದು ಮಗ. ಕೆಆರ್‌ಎಸ್‌ಗಾಳಿ ಅವರೇ, ನಿಮ್ಮ ಮಾತು ಅಷ್ಟು ಸುಳ್ಳಲ್ಲ, ಅರ್ಧ ಗಂಟೆ ಆದಮೇಲೆ ಹಸಿವು ಅಂತ ಶುರು ಮಾಡಿದ.

ಭಾನುವಾರ ನಾಲ್ಕುನಾಡು. ನೋಡಿಕೊಳ್ಳುವವರು ಒಬ್ಬರು ಬಂದು ಕೋಣೆ ತೋರಿಸಿದರು. ಒಳಗೆ ಕಣ್ಣು ಕಾಣದ ಕತ್ತಲು, ಮೊಬೈಲ್ ಲೈಟ್ ಹಾಕಿದರೆ ಬೇಡ, ಒಂದು ನಿಮಿಷ ಸುಮ್ನೆ ನಿಲ್ಲಿ ಅಂದರು. ನಿಂತೆವು. ನಿಧಾನಕ್ಕೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಕಂಡಿತು, ಅದರಲ್ಲಿ ಅಂಗಳದ ಬಾಗಿಲು ಕಂಡಿತು. ಯಾರು ಬಂದರು ಅಂತ ನೋಡುವುದಕ್ಕಾ ಅಂತ ಮಗ ಪಿಸುಗುಟ್ಟಿದ. ಅಲ್ಲಿಂದ ಬೆಂಗಳೂರಿನವರೆಗೂ ಅದೇ ಮಾತು, ಟಿಪ್ಪು ಬಂದಿದ್ದರೆ ಯಾವ ಕಡೆಯಿಂದ ಓಡಬೇಕು ಅಂತ ನಕ್ಷೆ ಬರೆದಿದ್ದಾನೆ. ಅಮ್ಮ ಮದುವೆ ಮಂಟಪದ ಕಟ್ಟೆ ಮೇಲೆ ಕೂತು ಮಂಡಿಗೆ ಮುಲಾಮು ಹಚ್ಚಿಕೊಂಡರು. ಮಹದೇವಮ್ಮಾಜಿ ಏನೂ ಅಂದುಕೊಳ್ಳುವುದಿಲ್ಲ ಬಿಡು ಅಂದರು.

ವಿರಾಜಪೇಟೆಗೆ ಸಮಯ ಸಾಲಲಿಲ್ಲ. ಪಾಪುಟ್ಟು ಸಿಕ್ಕಿತು, ತುಪ್ಪ, ಜೇನು ಹಾಕಿಕೊಂಡು ಅಮ್ಮನೇ ಮೂರು ತಿಂದರು.

ಮಂಜಿನೂರು:
ಹೋಂಸ್ಟೇ ವಿಷಯ ಕೇಳಿ ನಮಗೇ ನಾಚಿಕೆ ಆಯಿತು ಮೇಡಂ. ಮುಂದಿನ ಸಲ ಗುರುವಾರ ಸಂಜೆಯೇ ಬಂದುಬಿಡಿ, ಪೇಟೆಯಲ್ಲೇ ರೂಮು ಮಾಡಿ. ಶುಕ್ರವಾರ ನಮ್ಮ ಸಂತೆ. ಆ ನಕ್ಷೆ ಇದ್ದರೆ ಇಲ್ಲಿ ಹಾಕಿ, ಹುಡುಗ ಓಡುವ ದಾರಿ ಸರಿ ಇದೆಯಾ ಅಂತ ಕಾಫಿಹೂ ಅಕ್ಕ ನೋಡಿ ಹೇಳಲಿ.

ಕಾಫಿಹೂ:
ಹಾಕಿ ಹಾಕಿ. ಬೆಟ್ಟದ ಕಡೆ ಓಡಿದರೆ ಜಿಗಣೆ ಅಂತ ಈಗಲೇ ಹೇಳಿರಿ ಅವನಿಗೆ.