ನಕ್ಷೆಗೆ ಡೇಟಾ ‘ಇಂಪೋರ್ಟ್’ ಮಾಡುವುದಕ್ಕೆ ‘ಆಮದು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಹೊಸದಾಗಿ ಬರುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಊರು, ಕೆರೆ, ಶಾಲೆ, ಬಸ್ ನಿಲ್ದಾಣಗಳ ಡೇಟಾ ಹುಡುಕಿ ನಕ್ಷೆಗೆ ತರುವುದು ಹೇಗೆ ಎಂಬ ಅಧ್ಯಾಯದಲ್ಲಿ ‘ಇಂಪೋರ್ಟ್’ ಪದ ಮತ್ತೆ ಮತ್ತೆ ಬರುತ್ತದೆ. ಸಾಫ್ಟ್‌ವೇರ್ ಮೆನುಗಳಲ್ಲಿ ಇದಕ್ಕೆ ‘ಆಮದು’ ಎಂದು ಹಾಕುತ್ತಾರೆ. ಇಲ್ಲಿ ಅದು ಸಾಲದು ಅನ್ನಿಸುತ್ತಿದೆ.

ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಶೇಪ್‌ಫೈಲ್, ಜಿಯೋಜೇಸನ್‌ನಂಥ ನಕ್ಷೆ ಡೇಟಾದ ಫೈಲೊಂದನ್ನು ತೆರೆದರೆ ಅದು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ತಪ್ಪಾದರೆ ಅಳಿಸಿದರಾಯಿತು. ಇದಕ್ಕೆ ಆಮದು ಅಂದರೆ ನನ್ನ ತಕರಾರಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಇಂಪೋರ್ಟ್ ಅನ್ನುವುದು ಬೇರೆ. ಬೇರೆಯವರು ಸಿದ್ಧಮಾಡಿದ ಡೇಟಾವನ್ನು ಒಟ್ಟೊಟ್ಟಿಗೆ ತಂದು, ಎಲ್ಲರೂ ಸೇರಿ ಕಟ್ಟಿದ ನಕ್ಷೆಯೊಳಗೆ ಹಾಕುವುದು. ಮೊದಲು ಅದರ ಪರವಾನಗಿ ನೋಡಬೇಕು. 2012ರಿಂದ ಈ ನಕ್ಷೆಯ ಡೇಟಾ ಓಡಿಬಿಎಲ್ (ಓಪನ್ ಡೇಟಾಬೇಸ್ ಲೈಸೆನ್ಸ್) ಎಂಬ ಮುಕ್ತ ಪರವಾನಗಿಯಲ್ಲಿದೆ. ಅದಕ್ಕೆ ಹೊಂದದ್ದು ಎಷ್ಟೇ ಚೆನ್ನಾಗಿದ್ದರೂ ಹಾಕುವಂತಿಲ್ಲ. ಆಮೇಲೆ ಯೋಜನೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನ ವಿಕಿಯಲ್ಲಿ ಬರೆದು, ಸಮುದಾಯದ ಮುಂದಿಟ್ಟು, ಚರ್ಚೆ ಆದ ಮೇಲೆ ಅದಕ್ಕೆಂದೇ ಬೇರೆ ಖಾತೆ ತೆರೆದು ಕೆಲಸ ಶುರು ಮಾಡಬೇಕು.

ಈ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. 2007–08ರಲ್ಲಿ ಅಮೆರಿಕದ ಜನಗಣತಿ ಕಚೇರಿಯ ‘ಟೈಗರ್’ ಎಂಬ ಡೇಟಾದಲ್ಲಿದ್ದ ರಸ್ತೆಗಳನ್ನು ಈ ನಕ್ಷೆಗೆ ಇಡಿಯಾಗಿ ಹಾಕಿದರು. ಖಾಲಿ ನಕ್ಷೆ ತುಂಬಿತು, ನಿಜ. ಆದರೆ ಎಷ್ಟೋ ಕಡೆ ರಸ್ತೆಗಳು ಇರುವ ಜಾಗ ಬಿಟ್ಟು ಪಕ್ಕಕ್ಕೆ ಬಿದ್ದಿದ್ದವು. ಇಲ್ಲದ ರಸ್ತೆಗಳೂ ಬಂದಿದ್ದವು. ‘ಇನ್ನೂ ಪರಿಶೀಲಿಸಿಲ್ಲ’ ಎಂಬ ಟ್ಯಾಗ್ ಹೊತ್ತ ಆ ರಸ್ತೆಗಳನ್ನು ಅಲ್ಲಿನವರು ವರ್ಷಗಟ್ಟಲೆ ತಿದ್ದುತ್ತಾ ಬಂದಿದ್ದಾರೆ.

ಆಮದು ಅಂದಾಗ ನೆನಪಾಗುವುದು ಹೊರಗಿನಿಂದ ಬಂದ ಸರಕು. ಇಳಿಸಿದರೆ ಕೆಲಸ ಮುಗಿಯಿತು. ನಕ್ಷೆಯಲ್ಲಿ ಜಾಸ್ತಿ ಕೆಲಸ ಇರುವುದೇ ಆಮೇಲೆ. ಅದಕ್ಕೇ ‘ರಾಶಿ ಸೇರ್ಪಡೆ’ ಎಂದು ಬರೆದುಕೊಂಡಿದ್ದೇನೆ. ಇರುವುದರ ಜೊತೆ ಹೊಂದಿಕೊಳ್ಳಬೇಕು ಎಂಬ ಅರ್ಥ ‘ಸೇರ್ಪಡೆ’ಯಲ್ಲಿ ಇದೆ, ಅಲ್ವಾ?

ಹೊಂದಿಸುವ ಕೆಲಸಕ್ಕೂ ಒಂದು ಪದ ಬೇಕು. ನಮ್ಮ ಪಟ್ಟಿಯಲ್ಲಿ ಒಂದು ಹೊಸಹಳ್ಳಿ ಇದೆ ಅನ್ನಿ. ನಕ್ಷೆಯಲ್ಲೂ ಅರ್ಧ ಕಿಲೋಮೀಟರ್ ಆಚೆ ಒಂದು ಹೊಸಹಳ್ಳಿ ಇದೆ. ಎರಡೂ ಒಂದೇ ಊರೇ? ಕರ್ನಾಟಕದಲ್ಲಿ ಹೊಸಹಳ್ಳಿಗಳು ಬೇಕಾದಷ್ಟಿವೆ, ಹೆಸರೊಂದನ್ನೇ ನಂಬುವ ಹಾಗಿಲ್ಲ. ಒಂದೇ ಊರಾದರೆ ಯಾರು ಗುರುತಿಸಿದ ಜಾಗ ಉಳಿಸಬೇಕು, ಯಾವ ಕಾಗುಣಿತ ಉಳಿಸಬೇಕು? ಇದನ್ನು ‘ಕಾನ್‌ಫ್ಲೇಶನ್’ ಅನ್ನುತ್ತಾರೆ. ‘ವಿಲೀನ’ ಅಂದರೆ ಕೂಡಿಸಿದ್ದು ತಿಳಿಯುತ್ತದೆ, ಹೋಲಿಸಿ ನೋಡಿದ್ದು ತಿಳಿಯುವುದಿಲ್ಲ. ‘ತಾಳೆ ನೋಡಿ ಸೇರಿಸುವುದು’ ಎಂದರೆ ಎರಡೂ ಬರುತ್ತದೆ. ಲೆಕ್ಕ ಬರೆಯುವವರಿಗೆ, ಪಹಣಿಗೂ ಜಮೀನಿಗೂ ತಾಳೆ ಆಗ್ತಿಲ್ಲ ಅನ್ನುವ ರೈತರಿಗೆ ಇದು ದಿನಬಳಕೆಯ ಮಾತು. ಇದನ್ನು ಬಿಡಲು ನನಗೆ ಮನಸ್ಸಿಲ್ಲ.

ಬಿಂದುಗಳನ್ನು ಜೋಡಿಸಿ ನಕ್ಷೆಯಲ್ಲಿ ಎಳೆಯುವ ಗೆರೆಗೆ ಇರುವ ಹೆಸರಾದ ‘ವೇ’ (way) ಎಂಬುದನ್ನು ಮಾತ್ರ ‘ದಾರಿ’ ಎಂದು ಯಾರೂ ಅನುವಾದಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆಯಷ್ಟೇ ಅಲ್ಲ, ಹಳ್ಳ, ಕೆರೆಯ ಅಂಚು, ಕಟ್ಟಡದ ಹೊರ ಅಂಚು ಎಲ್ಲವೂ ‘ವೇ’ಗಳೇ. ನಾನು ‘ಗೆರೆ’ ಅನ್ನುತ್ತೇನೆ. ತುದಿ ಬಂದು ಮೊದಲಿಗೇ ಕೂಡಿಕೊಂಡರೆ ‘ಸುತ್ತುಗೆರೆ’.

ಈಗ ನನ್ನ ಪ್ರಶ್ನೆಗಳು. ಉತ್ತರ ಕರ್ನಾಟಕದಲ್ಲಿ ‘ರಾಶಿ’ ಅಂದರೆ ಮೊದಲು ಒಕ್ಕಣೆಯ ರಾಶಿಯೇ ನೆನಪಾಗುತ್ತದೆ. ಅಲ್ಲಿಯವರಿಗೆ ‘ರಾಶಿ ಸೇರ್ಪಡೆ’ ಗೊಂದಲ ಮಾಡುತ್ತದೆಯೇ? ‘ಸಗಟು ಸೇರ್ಪಡೆ’ ವಾಸಿಯೇ, ಅಥವಾ ಅದೂ ಮತ್ತೆ ವ್ಯಾಪಾರದ ಕಡೆಗೇ ಎಳೆಯುತ್ತದೆಯೇ? ಹಾಗೆಯೇ, ಸರ್ವೆ ಕೆಲಸ ಮಾಡಿದವರು ಇಲ್ಲಿದ್ದರೆ, ಹಳೆಯ ಗ್ರಾಮ ನಕಾಶೆಯ ವಿವರಗಳನ್ನು ಹೊಸ ನಕಾಶೆಗೆ ಏರಿಸುವುದಕ್ಕೆ ನಿಮ್ಮಲ್ಲಿ ಬಳಕೆಯಲ್ಲಿರುವ ಮಾತು ಯಾವುದು, ದಯವಿಟ್ಟು ತಿಳಿಸಿ. ಅಂಥದ್ದು ಸಿಕ್ಕರೆ ನನ್ನ ಪದಗಳನ್ನು ಬಿಟ್ಟು ಅದನ್ನೇ ಹಾಕುತ್ತೇನೆ.