ಪ್ಯಾಡ್ ಬದಲಿಸಿದ ಮೇಲೆ ಪೆಡಲ್ ಮೆತ್ತಗಾಯಿತು: ಬ್ರೇಕ್ ಪ್ರಶ್ನೋತ್ತರ

ಪ್ರಶ್ನೆ: ಸರ್, ಮುಂದಿನ ಎರಡೂ ಚಕ್ರದ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಿದೆ. ಈಗ ಪೆಡಲ್ ಮೊದಲಿಗಿಂತ ಕೆಳಗೆ ಹೋಗ್ತಿದೆ, ಒತ್ತಿದರೆ ಮೆತ್ತಗಿದೆ. ಪೈಪ್ ಬಿಚ್ಚಿಲ್ಲ, ಬ್ಲೀಡರ್ (ಹಳೇ ಆಯಿಲ್, ಏರ್ ಹೊರಬಿಡುವ ತಿರುಪು) ಮುಟ್ಟಿಲ್ಲ. ಬ್ರೇಕ್ ಆಯಿಲ್ ಒಳಗೆ ಏರ್ ಎಲ್ಲಿಂದ ಬಂತು? ಇನ್ನೊಂದು ವಿಷಯ, ಎಡಗಡೆ ಹಳೇ ಪ್ಯಾಡ್‌ಗಳಲ್ಲಿ ಒಳಗಿನದು ಪೂರ್ತಿ ಸವೆದಿತ್ತು, ಹೊರಗಿನದು ಅರ್ಧ ಉಳಿದಿತ್ತು.

ಉತ್ತರ: ಪೈಪ್ ಬಿಚ್ಚಿಲ್ಲ ಅಂದ ಮೇಲೆ ಏರ್ ಸೇರಿರೋದು ಅನುಮಾನ. ನೀವು ಕೊನೆಯಲ್ಲಿ ಬರೆದ ಹಳೇ ಪ್ಯಾಡಿನ ವಿಷಯದಲ್ಲೇ ಬಹುಶಃ ಉತ್ತರ ಇದೆ. ಕ್ಯಾಲಿಪರ್ ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಎರಡೂ ಕಡೆಯಿಂದ ಒತ್ತುವ ಭಾಗ. ಒಂದೇ ಪಿಸ್ಟನ್ ಇರುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತೆ. ಆ ಒತ್ತಡಕ್ಕೆ ಕ್ಯಾಲಿಪರ್ ಗೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದುಕೊಳ್ಳಬೇಕು. ಪಿನ್ ಜಾಮ್ ಆದರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೇ ಬೀಳುತ್ತೆ. ನಿಮ್ಮ ಒತ್ತಡದ ಒಂದು ಪಾಲು ಕ್ಯಾಲಿಪರನ್ನು ಬಾಗಿಸೋಕೆ ಖರ್ಚಾಗುತ್ತೆ, ಕಾಲಿಗೆ ಅದೇ ಮೆತ್ತಗೆ ಅನ್ನಿಸೋದು. ಹೊಸ ಪ್ಯಾಡ್ ಹಾಕಿದರೆ ಇದು ಹೋಗಲ್ಲ.

ಬಿಚ್ಚುವ ಮೊದಲು, ಗಾಡಿ ನಿಂತಲ್ಲೇ ಎಂಜಿನ್ ಆನ್ ಮಾಡಿ ಪೆಡಲ್ ಪರೀಕ್ಷೆ ಮಾಡಿ. ಮೊದಲ ಸಲ ಆಳಕ್ಕೆ ಹೋಗಿ, ಕೂಡಲೇ ಎರಡನೇ ಸಲ ಒತ್ತಿದಾಗ ಮೇಲೇ ಗಟ್ಟಿಯಾಗಿ ನಿಂತರೆ ಎಲ್ಲೋ ಗ್ಯಾಪ್ ಜಾಸ್ತಿ ಇದೆ: ಪ್ಯಾಡ್ ಸರಿಯಾಗಿ ಕೂತಿಲ್ಲ, ಪಿನ್ ಹಿಡಿದಿದೆ, ಇಲ್ಲವೇ ಹಿಂದಿನ ಡ್ರಮ್ ಅಡ್ಜಸ್ಟ್ ತಪ್ಪಿದೆ. ಎಷ್ಟು ಸಲ ಒತ್ತಿದರೂ ಸ್ಪ್ರಿಂಗ್ ಥರ ಎಗರುತ್ತಿದ್ದರೆ ಏರ್. ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಸೀಲ್ ಹೋಗಿದೆ ಅಥವಾ ಎಲ್ಲೋ ಲೀಕ್ ಇದೆ. ಈ ಮೂರನೆಯದು ಕಂಡರೆ ಗಾಡಿ ಗೇಟು ದಾಟೋದೇ ಬೇಡ.

ಮರುಪ್ರಶ್ನೆ: ಎರಡನೇ ಸಲ ಗಟ್ಟಿಯಾಗುತ್ತೆ ಸರ್. ಹಾಗಾದ್ರೆ ಪಿನ್ ಹೇಗೆ ಸರಿ ಮಾಡೋದು?

ಉತ್ತರ: ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ವೀಲ್ ನಟ್ ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ.

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಟ್ಟಿ, ರಬ್ಬರ್ ಪೈಪಿನಲ್ಲಿ ನೇತಾಡಬಾರದು. ಪಿನ್‌ಗಳನ್ನು ಬೆರಳಲ್ಲೇ ಎಳೆದು ನೋಡಿ. ಸರಿ ಇರುವ ಪಿನ್ ಸಲೀಸಾಗಿ ಜಾರುತ್ತೆ, ಒಳಗೆ ತಳ್ಳಿ ಬಿಟ್ಟರೆ ಒಳಗಿನ ಗಾಳಿಗೆ ಒಂಚೂರು ವಾಪಸ್ ಬರುತ್ತೆ. ಹಿಡಿದ ಪಿನ್ ತಿರುಗಿದರೂ ಜಾರಲ್ಲ. ಹೊರಗೆ ತೆಗೆದಾಗ ಹಳೇ ಗ್ರೀಸ್ ಕಂದು ಅಂಟಾಗಿರುತ್ತೆ, ಪಿನ್ನಿನ ಮೈ ಮೇಲೆ ತುಕ್ಕಿನ ಚುಕ್ಕೆ ಕಾಣುತ್ತೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ತೂತಿನ ಒಳಗೂ ಬಟ್ಟೆ ಸುತ್ತಿದ ಕಡ್ಡಿ ಹಾಕಿ ಸ್ವಚ್ಛ ಮಾಡಿ. ತುಕ್ಕು ಗುಂಡಿ ಬಿದ್ದಿದ್ದರೆ ಉಜ್ಜುತ್ತಾ ಕೂರಬೇಡಿ, ಪಿನ್ ಮತ್ತು ರಬ್ಬರ್ ಬೂಟ್ ಎರಡನ್ನೂ ಹೊಸದು ಹಾಕಿ. ಬೂಟ್ ಹರಿದು ನೀರು ಹೋಗಿದ್ದರಿಂದಲೇ ಅದು ಜಾಮ್ ಆಗಿರುತ್ತೆ.

ಬ್ರೇಕಿಗೇ ಅಂತ ಸಿಗುವ ಸಿಲಿಕೋನ್ ಗ್ರೀಸನ್ನೇ ಹಚ್ಚಿ. ಬೇರಿಂಗಿಗೆ ಹಾಕುವ ಪೆಟ್ರೋಲಿಯಂ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತೆ. ತೆಳ್ಳಗೆ ಒಂದು ಪದರ ಸಾಕು. ತೂತಿನ ತುಂಬ ಮೆತ್ತಿದರೆ ಪಿನ್ ಒಳಗೆ ಹೋಗೋಕೆ ಜಾಗವೇ ಇರಲ್ಲ. ಕೆಲವು ಗಾಡಿಗಳಲ್ಲಿ ಒಂದು ಪಿನ್ನಿಗೆ ರಬ್ಬರ್ ಬುಶ್ ಇರುತ್ತೆ, ಇನ್ನೊಂದಕ್ಕೆ ಇರಲ್ಲ. ಮೇಲಿನದು ಕೆಳಗೆ ಅದಲುಬದಲಾಗದಂತೆ ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ.

ಪ್ಯಾಡಿನ ಕಿವಿ ಕೂರುವ ಜಾಗವನ್ನು ತುಂಬಾ ಜನ ನೋಡೋದೇ ಇಲ್ಲ. ಅಲ್ಲಿರುವ ಸ್ಟೀಲ್ ಕ್ಲಿಪ್ ತೆಗೆದರೆ ಅಡಿಯಲ್ಲಿ ತುಕ್ಕಿನ ಪದರ ಇರುತ್ತೆ. ಆ ತುಕ್ಕು ಕ್ಲಿಪ್ಪನ್ನು ಮೇಲೆತ್ತಿ ಪ್ಯಾಡನ್ನು ಬಿಗಿಮಾಡುತ್ತೆ. ವೈರ್ ಬ್ರಷ್, ಅರದಿಂದ ಬರೀ ಲೋಹ ಕಾಣುವವರೆಗೆ ಉಜ್ಜಿ. ಹೊಸ ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿಯಬೇಕು. ಸುತ್ತಿಗೆ ಬೇಕಾಯಿತು ಅಂದರೆ ಇನ್ನೂ ಉಜ್ಜುವ ಕೆಲಸ ಬಾಕಿ ಇದೆ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಕ್ಲೀನರ್‌ನಲ್ಲಿ ನೆನೆಸಿ ಒರೆಸಿ.

ಬೋಲ್ಟುಗಳ ಟಾರ್ಕ್ (ಎಷ್ಟು ಬಿಗಿಯಬೇಕು ಅನ್ನೋ ಅಳತೆ) ನಿಮ್ಮ ಗಾಡಿಯ ಸರ್ವಿಸ್ ಮ್ಯಾನುವಲ್ ನೋಡಿಯೇ ಹಾಕಿ. ಪಿನ್ ಬೋಲ್ಟ್ ಚಿಕ್ಕದು, ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್ ಆಸುಪಾಸು. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ಬೋಲ್ಟಿಗೆ ಸುಮಾರು ಅದರ ಮೂರು ಪಟ್ಟು ಬೇಕಾಗುತ್ತೆ. ಕೊನೆಗೆ ಗಾಡಿ ಚಲಾಯಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹೇಗೂ ಬಿಚ್ಚಿದ ಮೇಲೆ ಬ್ರೇಕ್ ಆಯಿಲ್ ಕೂಡ ಬದಲಿಸೋದು ಒಳ್ಳೇದಾ? ನನ್ನ ಗಾಡೀದು ಕಪ್ಪಗಾಗಿದೆ. ಡಬ್ಬಿ ಮೇಲೆ ಬರೆದಿರೋ ದರ್ಜೆ ಡಾಟ್ 4, ಅದರ ಬದಲು ಡಾಟ್ 5 ಹಾಕಬಹುದಾ?

ಉತ್ತರ: ಡಾಟ್ 5 ಬೇಡ. ಅದು ಸಿಲಿಕೋನ್, ಉಳಿದವು ಗ್ಲೈಕಾಲ್, ಎರಡೂ ಬೆರೆಯಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದೇ. ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4ರ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7 ನೀರು ಸೇರಿದಾಗ ಕನಿಷ್ಠ 155. ಉದ್ದದ ಇಳಿಜಾರಿನಲ್ಲಿ ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತೆ. ಬಣ್ಣ ಹೇಗೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಸಣ್ಣ ಕಾರಿಗೆ 1 ಲೀಟರ್ ಸಾಕು. ಬ್ಲೀಡರ್‌ಗೆ ಮೊದಲು ರಿಂಗ್ ಸ್ಪ್ಯಾನರ್, ಆಮೇಲೆ ಪಾರದರ್ಶಕ ಟ್ಯೂಬ್. ಟ್ಯೂಬಿನ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಒಳಗೆ ಕೂತವರು ಪೆಡಲ್ ಒತ್ತಿ "ಒತ್ತಿದೆ" ಅಂದ ಮೇಲೆ ಬ್ಲೀಡರನ್ನು ಕಾಲು ಸುತ್ತು ತೆಗೆಯಿರಿ, ನೀವು ಮುಚ್ಚಿ "ಬಿಡು" ಅನ್ನುವವರೆಗೆ ಅವರು ಕಾಲು ಎತ್ತಬಾರದು. ಐದಾರು ಸಲಕ್ಕೊಮ್ಮೆ ಮೇಲಿನ ಆಯಿಲ್ ಡಬ್ಬಿ ತುಂಬಿಸಿ. ಅದು ಬರಿದಾದರೆ ಕೆಲಸ ಮೊದಲಿಂದ. ಹಳೇ ಗಾಡಿಯಲ್ಲಿ ಪೆಡಲ್ ಕೆಳಗೆ ಮರದ ತುಂಡು ಇಡಿ. ಯಾವತ್ತೂ ಹೋಗದ ಆಳಕ್ಕೆ ಪಿಸ್ಟನ್ ಹೋದರೆ ಅಲ್ಲಿನ ತುಕ್ಕು ಮಾಸ್ಟರ್ ಸಿಲಿಂಡರ್ ಸೀಲನ್ನು ಹರಿದುಹಾಕುತ್ತೆ. ಚಕ್ರಗಳ ಕ್ರಮ ಮ್ಯಾನುವಲ್ ಹೇಳಿದ ಹಾಗೆ. ಗಾಡಿಯ ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಕ್ಯಾಲಿಪರ್ ಪೂರ್ತಿ ಬದಲಿಸಿದವರಿಗೆ ಒಂದು ಮಾತು: ಎಡದ್ದು ಬಲಕ್ಕೆ ಹಾಕಿದರೆ ಬ್ಲೀಡರ್ ಕೆಳಗೆ ಬರುತ್ತೆ, ಏರ್ ಮೇಲೇ ಉಳಿಯುತ್ತೆ. ಎಷ್ಟು ಲೀಟರ್ ಸುರಿದರೂ ಹೋಗಲ್ಲ.

ಪ್ರಶ್ನೆ: ನಂದು ಹಿಂದೆಯೂ ಡಿಸ್ಕ್. ಹೊಸ ಪ್ಯಾಡಿಗೆ ಜಾಗ ಮಾಡೋಕೆ ಸಿ ಕ್ಲ್ಯಾಂಪ್ ಹಾಕಿ ಎಷ್ಟು ಬಿಗಿದರೂ ಪಿಸ್ಟನ್ ಒಳಗೆ ಹೋಗ್ತಿಲ್ಲ.

ಉತ್ತರ: ಅಲ್ಲಿಗೇ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಆ ಕ್ಯಾಲಿಪರ್ ಒಳಗೇ ಇದ್ದರೆ ಪಿಸ್ಟನ್ನನ್ನು ಒತ್ತುತ್ತಾ ತಿರುಗಿಸಬೇಕು, ಅದಕ್ಕೆ ಬೇರೆ ಟೂಲ್ ಇದೆ. ಸಾಮಾನ್ಯವಾಗಿ ಗಡಿಯಾರದ ದಿಕ್ಕು, ಕೆಲವು ಗಾಡಿಗಳಲ್ಲಿ ಒಂದು ಬದಿಗೆ ಉಲ್ಟಾ. ಪ್ಯಾಡಿನ ಬೆನ್ನಿನ ಗುಬುಟು ಪಿಸ್ಟನ್ನಿನ ಕಚ್ಚಿನಲ್ಲಿ ಕೂರುವ ಹಾಗೆ ನಿಲ್ಲಿಸಿ. ಬಟನ್ ಹ್ಯಾಂಡ್ ಬ್ರೇಕ್ ಆದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಮೋಟರ್ ಹಾಳಾಗುತ್ತೆ.

ಪ್ರಶ್ನೆ: ಗುರುಗಳೇ, ಮುಂದೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿಸೋ ಯೋಚನೆ. ಬೇಗ ನಿಲ್ಲುತ್ತಾ?

ಉತ್ತರ: ಈಗಿನ ಬ್ರೇಕಿಗೇ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಟೈರ್ ಜಾರುತ್ತಿದ್ದರೆ ಒಂದು ಸಲದ ನಿಲುಗಡೆಯ ದೂರ ಟೈರಿನ ಕೈಲಿದೆ, ಹೊಸ ಕ್ಯಾಲಿಪರ್ ಅದನ್ನು ಕಡಿಮೆ ಮಾಡಲ್ಲ. ದೊಡ್ಡ ಡಿಸ್ಕಿನ ಲಾಭ ಮತ್ತೆ ಮತ್ತೆ ಬ್ರೇಕ್ ಹಿಡಿದಾಗಿನ ಶಾಖ ತಡೆಯೋದರಲ್ಲಿ.

ಪಿಸ್ಟನ್ ಎಷ್ಟು ಅಂತಲ್ಲ, ಅಳತೆ ನೋಡಿ. ಈಗಿನದು 54 ಮಿ.ಮೀ.ಯ ಒಂದೇ ಪಿಸ್ಟನ್ ಅಂದುಕೊಂಡರೆ ವಿಸ್ತೀರ್ಣ ಸುಮಾರು 22.9 ಚದರ ಸೆಂ.ಮೀ. ನಾಲ್ಕು ಪಿಸ್ಟನ್ನಿನದರಲ್ಲಿ ಒಂದು ಬದಿಯ ಎರಡನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು: 38 ಮಿ.ಮೀ.ಯ ಎರಡು ಸೇರಿ 22.7, ಹೆಚ್ಚುಕಡಿಮೆ ಅಷ್ಟೇ. 42ರ ಎರಡು ಹಾಕಿದರೆ 27.7. ಮಾಸ್ಟರ್ ಸಿಲಿಂಡರ್ ಹಳೆಯದೇ ಆದ್ದರಿಂದ ಪೆಡಲ್ ಉದ್ದಕ್ಕೆ ಹೋಗುತ್ತೆ, ಮುಂದಿನ ಚಕ್ರಗಳು ಬೇಗ ಲಾಕ್ ಆಗುತ್ತವೆ, ಹಿಂದಿನವು ಸುಮ್ಮನಿರುತ್ತವೆ. ಸದ್ಯಕ್ಕೆ ಒಳ್ಳೆ ಪ್ಯಾಡ್, ಹೊಸ ಆಯಿಲ್, ಒಳ್ಳೆ ಟೈರ್ ಹಾಕಿ ನೋಡಿ ಅಂತೀನಿ. ಆದರೂ ಹಾಕಿಸುವುದೇ ಆದರೆ ರಿಮ್ಮಿಗೂ ಕ್ಯಾಲಿಪರ್‌ಗೂ ಕನಿಷ್ಠ 3 ಮಿ.ಮೀ. ಗ್ಯಾಪ್ ಇರಲಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೊಸ ಪೈಪ್ ಟೈರಿಗೆ ತಾಗುತ್ತಾ ಅಂತ ನೋಡಿಕೊಳ್ಳಿ.