ಹಳೇ ಕೋವಿ, ಹೊಸ ಕೈ: 'ಟಾಪ್ ಶಾಟ್' ಅಳೆದದ್ದು ಗುರಿಯನ್ನೋ, ಅದೃಷ್ಟವನ್ನೋ?

ಗುರಿಕಾರ

ಅಮೆರಿಕದ ಹಿಸ್ಟರಿ ಚಾನೆಲ್‌ನಲ್ಲಿ 2010ರಿಂದ 2013ರವರೆಗೆ ಐದು ಸೀಸನ್ ಬಂದ 'ಟಾಪ್ ಶಾಟ್' ನೋಡಿದವರು ಇಲ್ಲಿ ಯಾರಿದ್ದೀರಿ? ನೋಡದವರಿಗೆ ಎರಡು ಮಾತು. ಮೊದಲ ಸೀಸನ್‌ನಲ್ಲಿ 16 ಜನ, ಎರಡು ತಂಡ, ಪ್ರತಿ ಕಂತಿಗೂ ಬೇರೆ ಆಯುಧ. ಸೋತ ತಂಡದವರು ತಮ್ಮಲ್ಲೇ ಯಾರನ್ನು ಎಲಿಮಿನೇಷನ್‌ಗೆ ಕಳಿಸಬೇಕು ಎನ್ನುವುದನ್ನೂ ಹೆಸರು ಬರೆದ ಗುರಿಹಲಗೆಗೆ ಗುಂಡು ಹೊಡೆದೇ ಹೇಳಬೇಕು. ಕೊನೆಗೆ ಉಳಿದವರಿಗೆ 1 ಲಕ್ಷ ಡಾಲರ್.

ನನ್ನ ತಕರಾರು ಒಂದೇ. ರಷ್ಯಾದ ಮೊಸಿನ್ ನಗಾಂತ್, ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ಥರದ ಹಳೇ ರೈಫಲ್ ಕೈಗೆ ಕೊಟ್ಟು, ಎರಡು ಮೂರು ಗುಂಡಿನಲ್ಲಿ ಸೋಲು ಗೆಲುವು ತೀರ್ಮಾನ ಮಾಡುತ್ತಾರೆ. ಆ ರೈಫಲ್ ಯಾವ ದೂರಕ್ಕೆ ಜೀರೋ ಆಗಿದೆ (ಅಂದರೆ ಯಾವ ದೂರದಲ್ಲಿ ಹಿಡಿದ ಗುರಿಗೇ ಗುಂಡು ಬೀಳುವಂತೆ ಹೊಂದಿಸಿದೆ), 100 ಗಜದಲ್ಲಿ ಗುಂಡು ಎಲ್ಲಿ ಬೀಳುತ್ತದೆ ಎಂದು ನೋಡುಗರಿಗೆ ಒಮ್ಮೆಯೂ ಸರಿಯಾಗಿ ಹೇಳುವುದಿಲ್ಲ. ಗುಂಡು ತಪ್ಪಿದರೆ ಕೈ ತಪ್ಪಿತೋ ಕೋವಿ ತಪ್ಪಿತೋ ತಿಳಿಯುವುದೇ ಇಲ್ಲ. ಇದನ್ನು ಗುರಿಯ ಪರೀಕ್ಷೆ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಳಿಗೆ ನೋಟ

ಗುರಿಕಾರರೇ, ನಾನು ಒಪ್ಪಲ್ಲ. ಪ್ರತಿ ಸವಾಲಿಗೆ ಮೊದಲು ಆ ಆಯುಧದ ಪರಿಣತರೊಬ್ಬರ ಜೊತೆ ಅಭ್ಯಾಸ ಇರುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ಒಂದೆರಡು ನಿಮಿಷಕ್ಕೆ ಇಳಿಸುತ್ತಾರೆ, ಅಷ್ಟೇ. ಆ ಅಭ್ಯಾಸದಲ್ಲಿ ಸೈಟನ್ನು, ಅಂದರೆ ನಳಿಗೆಯ ಮೇಲೆ ಗುರಿ ಹಿಡಿಯುವ ಗುರುತನ್ನು, ಓದಿಕೊಳ್ಳುವುದು ಗುರಿಕಾರನ ಕೆಲಸ.

ಸ್ಪ್ರಿಂಗ್‌ಫೀಲ್ಡ್‌ನದ್ದೇ ನೋಡಿ. 1903ರ ಮಾದರಿಯ ಹಿಂದಿನ ಸೈಟಿನ ಎಲೆ (ಎತ್ತಿ ಮಲಗಿಸಬಹುದಾದ ಪಟ್ಟಿ) ಮಲಗಿಸಿದ್ದರೆ ಅದು 547 ಗಜಕ್ಕೆ ಹೊಂದಿಸಿದ ಯುದ್ಧದ ಸೈಟು. 100 ಗಜದ ಗುರಿಗೆ ಅದರಲ್ಲೇ ನೇರ ಹಿಡಿದರೆ ಗುಂಡು ಒಂದಡಿಗೂ ಮೇಲೆ ಹೋಗುತ್ತದೆ. ಗೊತ್ತಿದ್ದವನು ಎಲೆ ಎತ್ತಿ ಕಡಿಮೆ ದೂರಕ್ಕೆ ಇಳಿಸಿಕೊಳ್ಳುತ್ತಾನೆ, ಇಲ್ಲವೇ ಅಷ್ಟು ಕೆಳಗೆ ಹಿಡಿಯುತ್ತಾನೆ. 1942ರ ನಂತರದ ಎ3 ಮಾದರಿಯಲ್ಲಿ ಸೈಟು ಕಣ್ಣಿನ ಹತ್ತಿರ, ರಿಸೀವರ್ (ನಳಿಗೆಯ ಹಿಂದಿನ ಭಾಗ) ಮೇಲೆ, ತೂತಿನ ಸೈಟು. ಅದು 200 ಗಜದಿಂದ ಶುರು. ಎರಡನ್ನೂ ಬರೀ 'ಸ್ಪ್ರಿಂಗ್‌ಫೀಲ್ಡ್' ಎನ್ನುತ್ತಾರೆ, ಹಿಡಿಯುವ ರೀತಿ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸ ಹಿಡಿದವನು ಗೆದ್ದರೆ ಅದು ಅದೃಷ್ಟ ಹೇಗಾಗುತ್ತದೆ?

ಡಲ್ಲಾಸ್ ಕನ್ನಡಿಗ

ಇಬ್ಬರ ಮಾತಿನ ನಡುವೆ ಒಂದು ಲೆಕ್ಕ ಬಿಟ್ಟುಹೋಗಿದೆ: ಕೋವಿಯ ಸ್ವಂತ ಚದುರುವಿಕೆ, ಅಂದರೆ ಒಂದೇ ಕಡೆ ಹಿಡಿದರೂ ಗುಂಡುಗಳು ಅಕ್ಕಪಕ್ಕ ಹರಡಿ ಬೀಳುವುದು.

ಮೊಸಿನ್‌ನ 91/30 ಮಾದರಿಗೆ ಸೋವಿಯತ್ ಸೈನ್ಯ ಇಟ್ಟ ಅಳತೆ ಏನೆಂದರೆ, 100 ಮೀಟರಿನಲ್ಲಿ ನಾಲ್ಕು ಗುಂಡೂ 15 ಸೆಂಟಿಮೀಟರ್ ವೃತ್ತದೊಳಗೆ ಬಿದ್ದರೆ ಆ ಕೋವಿ ಪಾಸು. ಚೆನ್ನಾಗಿರುವ ಕೋವಿ ಇದಕ್ಕಿಂತ ಬಿಗಿಯಾಗಿ ಕೂರಿಸುತ್ತದೆ, ನಿಜ. ಆದರೆ ಹಾಗೆ ಪಾಸಾದ ಕೋವಿಯಿಂದ 100 ಮೀಟರಿನಲ್ಲಿ 10 ಸೆಂಟಿಮೀಟರ್ ಅಗಲದ ಬಾಟಲಿಗೆ ಒಂದೇ ಗುಂಡು ಹೊಡೆಸಿದರೆ, ಹಿಡಿತ, ಉಸಿರು, ಟ್ರಿಗರ್ ಎಲ್ಲ ಸರಿ ಮಾಡಿದವನೂ ತಪ್ಪಬಹುದು. ಆ ತಪ್ಪಿನಲ್ಲಿ ಅವನ ಪಾಲು ಏನೂ ಇಲ್ಲ.

ಸೈಟನ್ನು ಓದಿಕೊಂಡರಾಯಿತು ಅನ್ನುವುದು ಗುಂಡುಗಳು ಬೀಳುವ ಸರಾಸರಿ ಬಿಂದುವಿಗೆ ಸಲ್ಲುವ ಮಾತು. ಚದುರುವಿಕೆಗೆ ಮದ್ದು ಒಂದೇ, ಹೆಚ್ಚು ಗುಂಡು. ಅಮೆರಿಕದಲ್ಲಿ ನಾಗರಿಕರಿಗೆ ಗುರಿ ಕಲಿಸುವ ಸಂಸ್ಥೆ ಸಿಎಂಪಿಯವರು ಗ್ಯಾರಂಡ್ ಎಂಬ ಹಳೇ ಸೇನಾ ರೈಫಲಿನ ಪಂದ್ಯ ನಡೆಸುವುದು ಹಾಗೆಯೇ: 200 ಗಜ, ಮೊದಲು ಲೆಕ್ಕಕ್ಕೆ ಸೇರದ 5 ಗುಂಡು, ಆಮೇಲೆ ಮಲಗಿ ನಿಧಾನಕ್ಕೆ 10, ಮಲಗಿ 80 ಸೆಕೆಂಡಿನಲ್ಲಿ 10, ನಿಂತು 10. ಒಟ್ಟು 300 ಅಂಕ. ಮೂವತ್ತು ಗುಂಡಿನಲ್ಲಿ ಕೋವಿಯ ಚಂಚಲತೆ ಸವೆದು ಮನುಷ್ಯ ಕಾಣುತ್ತಾನೆ. ಒಂದು ಗುಂಡಿನಲ್ಲಿ ಕಾಣುವುದಿಲ್ಲ.

ಇತಿಹಾಸ ಓದುಗಿ

ಮೊಸಿನ್ ವಿಷಯಕ್ಕೆ ಒಂದು ಸೇರಿಸುತ್ತೇನೆ, ಏಕೆಂದರೆ ಈ ಕಾರ್ಯಕ್ರಮ ಬಂದದ್ದು ಹಿಸ್ಟರಿ ಚಾನೆಲ್‌ನಲ್ಲಿ; ಇತಿಹಾಸವನ್ನಾದರೂ ಹೇಳಬೇಕಿತ್ತು. 91/30 ಕೋವಿಗೆ ಸೋವಿಯತ್ ಸೈನ್ಯ ಜೀರೋ ಮಾಡುತ್ತಿದ್ದದ್ದು ಬಯೊನೆಟ್ (ನಳಿಗೆಯ ತುದಿಯ ಚುಚ್ಚುವ ಆಯುಧ) ಸಿಕ್ಕಿಸಿಕೊಂಡೇ. ಕಾಲಾಳು ಹೊತ್ತು ನಡೆಯುತ್ತಿದ್ದದ್ದೂ ಹಾಗೆಯೇ. ನಳಿಗೆಯ ತುದಿಯಲ್ಲಿ ಆ ಉದ್ದ ಮುಳ್ಳು ತೂಗುತ್ತಿರುವಾಗ ನಳಿಗೆಯ ಅದುರು ಒಂದು ರೀತಿ, ತೆಗೆದ ಮೇಲೆ ಇನ್ನೊಂದು ರೀತಿ. ಬಯೊನೆಟ್ ಇಲ್ಲದೆ ಹೊಡೆದರೆ ಗುಂಡು ಬೀಳುವ ಜಾಗ ಪಕ್ಕಕ್ಕೆ ಸರಿಯುತ್ತದೆ. ಟಿವಿಯಲ್ಲಿ ಬಯೊನೆಟ್ ಇಲ್ಲದ ಮೊಸಿನ್ ಕೊಟ್ಟು, ತಪ್ಪಿದಾಗ 'ಹಳೇ ಕೋವಿ ಅಂದರೆ ಹೀಗೇ' ಎನ್ನುವ ಭಾವನೆ ಹುಟ್ಟಿಸುವುದು ಆ ಕೋವಿಗೂ ಅದನ್ನು ರೂಪಿಸಿದವರಿಗೂ ಮಾಡುವ ಅನ್ಯಾಯ.

ಸರಿಪಡಿಸುವುದು ಕಷ್ಟವೂ ಅಲ್ಲ. ಮುಂದಿನ ಸೈಟು ಅಡ್ಡ ತೋಡಿನಲ್ಲಿ ಕೂತಿರುತ್ತದೆ, ಪಕ್ಕಕ್ಕೆ ತಳ್ಳಬಹುದು. ಗುಂಡು ಬಲಕ್ಕೆ ಬೀಳುತ್ತಿದ್ದರೆ ಮುಂದಿನ ಸೈಟನ್ನೂ ಬಲಕ್ಕೇ ತಳ್ಳಬೇಕು. ಹಿಂದಿನ ಸೈಟಿನ ನಿಯಮಕ್ಕೆ ಇದು ಉಲ್ಟಾ. ಎರಡು ಸೈಟುಗಳ ನಡುವಿನ ಅಂತರ ಸುಮಾರು 622 ಮಿಲಿಮೀಟರ್. ಹಾಗಾಗಿ 1 ಮಿಲಿಮೀಟರ್ ತಳ್ಳಿದರೆ 100 ಮೀಟರಿನಲ್ಲಿ 16 ಸೆಂಟಿಮೀಟರ್ ಬದಲಾಗುತ್ತದೆ. ಸುತ್ತಿಗೆಯಿಂದ ಬಡಿಯುವ ಕೆಲಸವಲ್ಲ, ತಿರುಪಿನ ಸಲಕರಣೆ ಇಟ್ಟು ಕೂದಲೆಳೆಯಷ್ಟು ಸರಿಸುವ ಕೆಲಸ.

ನಳಿಗೆ ನೋಟ

ಬಯೊನೆಟ್ ಮಾತು ಒಪ್ಪಿದೆ ಮೇಡಂ. ಆದರೆ ಮೊಸಿನ್ ಹಿಡಿದವರು ಸೋಲುವುದಕ್ಕೆ ಸೈಟಿಗಿಂತ ದೊಡ್ಡ ಕಾರಣ ಬೋಲ್ಟ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಎತ್ತಿ ಎಳೆದು ತಳ್ಳುವ ಅಗುಳಿ. ಹಿಡಿ ಗಿಡ್ಡ, ಅಡ್ಡಕ್ಕೆ ನೆಟ್ಟಗೆ ಚಾಚಿಕೊಂಡಿರುತ್ತದೆ, ಎತ್ತುವಾಗಲೇ ಸ್ಪ್ರಿಂಗೂ ಬಿಗಿಯಾಗಬೇಕು. ಗಡಿಯಾರ ಓಡುತ್ತಿರುವಾಗ ಹೆಚ್ಚಿನವರು ಬೋಲ್ಟ್ ಎಳೆಯಲು ಕೋವಿಯನ್ನೇ ಭುಜದಿಂದ ಕೆಳಗಿಳಿಸುತ್ತಾರೆ. ಕೆನ್ನೆ ಹಲಗೆ ಬಿಟ್ಟಿತು ಅಂದರೆ ಮುಂದಿನ ಗುಂಡಿಗೆ ಎಲ್ಲಾ ಮೊದಲಿನಿಂದ. ಭುಜದಲ್ಲೇ ಇಟ್ಟುಕೊಂಡು, ಅಂಗೈಯಿಂದ ಹಿಡಿಯನ್ನು ಮೇಲಕ್ಕೆ ಬಡಿದು ಎಳೆಯುವುದನ್ನು ಅಭ್ಯಾಸದಲ್ಲೇ ಕಲಿತವನಿಗೆ ಇದರಲ್ಲಿ ಲಾಭ.

ಬೋಲ್ಟ್ ಅಂಟಿಕೊಳ್ಳುವುದಕ್ಕೆ ಉಕ್ಕಿನ ತೋಟೆಯ ಮೇಲಿನ ಬಣ್ಣ ಕಾರಣ ಎಂದು ದೂರುವವರು ತುಂಬಾ ಜನ. ಬಹುತೇಕ ಕಡೆ ನಿಜವಾದ ಕಾರಣ ತೋಟೆ ಕೂರುವ ಚೇಂಬರಿನೊಳಗೆ ಗಟ್ಟಿಯಾದ ಹಳೇ ಗ್ರೀಸು. ಉಗ್ರಾಣದಲ್ಲಿಡುವಾಗ ಬಳಿದದ್ದು ಹಾಗೇ ಉಳಿದಿರುತ್ತದೆ, ಹತ್ತು ಗುಂಡು ಹೊಡೆದು ನಳಿಗೆ ಕಾದಾಗ ಕರಗಿ ತೋಟೆಯನ್ನು ಹಿಡಿದುಕೊಳ್ಳುತ್ತದೆ. ಬಿಸಿನೀರು, ದ್ರಾವಕ, ಚೇಂಬರಿಗೆ ಹೊಂದುವ ಬ್ರಷ್ ಹಾಕಿ ತಿಕ್ಕಿದರೆ ಹೋಗುತ್ತದೆ. ಸ್ಪರ್ಧೆಗೆ ಮುಂಚೆ ಇಷ್ಟು ಮಾಡಿಸುವುದು ಆಯೋಜಕರ ಜವಾಬ್ದಾರಿ, ಇದನ್ನು ಗುರಿಕಾರರ ತಲೆಗೆ ಕಟ್ಟಬಾರದು.

ಕೊಡಗಿನ ಕೋವಿ

ಎಲ್ಲರೂ ತೋಟೆ ಕೋವಿಯಲ್ಲೇ ನಿಂತುಬಿಟ್ಟಿರಿ. ಹಳೇ ಆಯುಧ ಎಂದರೆ ನಿಜವಾಗಿ ಪರೀಕ್ಷೆ ಮಾಡುವುದು ಬಾಯಿಯಿಂದ ಮದ್ದು ತುಂಬುವ ಕೋವಿ, ಅದರಲ್ಲೂ ಕಲ್ಲಿನ ಕಿಡಿಯ ಕೋವಿ.

ಕ್ರಮ ಗಮನಿಸಿ. ಅಳೆದ ಕರಿಮದ್ದು ನಳಿಗೆಗೆ, ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಉಂಡೆ, ಗಜದಿಂದ (ಮದ್ದು ಉಂಡೆ ಒತ್ತುವ ಕಡ್ಡಿ) ತಳ ಮುಟ್ಟುವವರೆಗೆ ಒತ್ತು, ಕುದುರೆಯನ್ನು (ಕಲ್ಲು ಹಿಡಿದ ಸುತ್ತಿಗೆ) ಅರ್ಧಕ್ಕೆ ಎಳೆದು ಕಿಡಿ ಬೀಳುವ ಬಟ್ಟಲಿಗೆ ಸ್ವಲ್ಪ ಸಣ್ಣ ಮದ್ದು, ಮುಚ್ಚಳ ಹಾಕು, ಆಮೇಲೆ ಕುದುರೆಯನ್ನು ಪೂರ್ತಿ ಎಳೆ. ಪಾಯಿಂಟ್ 50 ಇಂಚಿನ ನಳಿಗೆಗೆ ಸಾಮಾನ್ಯವಾಗಿ ಪಾಯಿಂಟ್ 490 ಇಂಚಿನ ಉಂಡೆ. ಉಳಿದ ಸಂದನ್ನು ಬಟ್ಟೆ ತುಂಬುತ್ತದೆ.

ಗಡಿಬಿಡಿಯಲ್ಲಿ ಆಗುವ ತಪ್ಪುಗಳು ಇವೇ. ಮದ್ದು ಹಾಕದೆ ಉಂಡೆ ಇಳಿಸಿಬಿಡುವುದು. ಆಗ ತಿರುಪಿನ ಗಜ ಹಾಕಿ ಎಳೆದು ತೆಗೆಯಬೇಕು, ಆ ಸುತ್ತು ಹೋಯಿತು. ಬಟ್ಟಲು ಭರ್ತಿ ಮಾಡುವುದು. ಕಿವಿ (ಬಟ್ಟಲಿನಿಂದ ನಳಿಗೆಗೆ ಬೆಂಕಿ ಹೋಗುವ ತೂತು) ಮುಚ್ಚಿಹೋಗಿ ಬೆಂಕಿ ಒಳಗೆ ಹಾರುವ ಬದಲು ಬತ್ತಿಯಂತೆ ಉರಿದುಕೊಂಡು ಹೋಗುತ್ತದೆ, ಈಡು ತಡವಾಗುತ್ತದೆ. ಬಟ್ಟಲಿನ ಮೂರನೇ ಒಂದು ಭಾಗ ಸಾಕು. ಇವೆಲ್ಲಕ್ಕಿಂತ ಅಪಾಯದ್ದು ಉಂಡೆ ಅರ್ಧದಲ್ಲೇ ನಿಲ್ಲುವುದು. ಕೆಲವು ಈಡು ಆದ ಮೇಲೆ ಮಸಿ ಕಟ್ಟಿ ಉಂಡೆ ಇಳಿಯುವುದು ಬಿಗಿಯಾಗುತ್ತದೆ. ಮದ್ದಿಗೂ ಉಂಡೆಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಅದಕ್ಕೇ ಗಜದ ಮೇಲೆ ಗೆರೆ ಹಾಕಿಟ್ಟಿರಬೇಕು. ಗೆರೆ ನಳಿಗೆ ಬಾಯಿಗೆ ಬರದಿದ್ದರೆ ಕುದುರೆ ಮುಟ್ಟಬಾರದು.

ಇದನ್ನು ಓಟದ ಸ್ಪರ್ಧೆ ಮಾಡಿದರೆ ಏನಾಗುತ್ತದೆ ಯೋಚಿಸಿ. ಬಾಯಿಮದ್ದಿನ ಕೋವಿಗಳ ಅಂತರರಾಷ್ಟ್ರೀಯ ಸಂಸ್ಥೆ ಎಂಎಲ್‌ಎಐಸಿ ನಡೆಸುವ ಪಂದ್ಯದಲ್ಲಿ 30 ನಿಮಿಷಕ್ಕೆ 13 ಈಡು, ಒಳ್ಳೆಯ 10 ಲೆಕ್ಕಕ್ಕೆ. ಪ್ರತಿ ಈಡಿನ ಮದ್ದು ಮೊದಲೇ ಅಳೆದು ಸಣ್ಣ ಸಣ್ಣ ಕೊಳವೆಯಲ್ಲಿ ಇರಬೇಕು. ಮದ್ದಿನ ಕುಪ್ಪಿಯಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ, ಒಳಗೆ ಕೆಂಡ ಉಳಿದಿದ್ದರೆ ಕುಪ್ಪಿಯೇ ಕೈಯಲ್ಲಿ ಹೊತ್ತಿಕೊಳ್ಳುತ್ತದೆ. ಕಲ್ಲಿನ ಕೋವಿ, ಕೇಪಿನ ಕೋವಿ, ಬತ್ತಿ ಕೋವಿ ಎಲ್ಲಕ್ಕೂ ಬೇರೆ ಬೇರೆ ವಿಭಾಗ. ಹಳೇ ಅಸಲಿ ಕೋವಿಗೂ ಹೊಸದಾಗಿ ಮಾಡಿದ ನಕಲಿಗೂ ಸಹ ಬೇರೆ. ಅಲ್ಲಿ ಯಾರೂ ಓಡುವುದಿಲ್ಲ.

ಗುರಿಕಾರ

ಅಬ್ಬಾ, ಇದೇ ನನಗೆ ಬೇಕಿದ್ದ ಉದಾಹರಣೆ. ಕೊಡಗಿನವರೇ, ಕಲ್ಲಿನ ಕೋವಿಯಲ್ಲಿ ಟ್ರಿಗರ್ ಎಳೆದ ಮೇಲೆ ಗುಂಡು ಹೊರಡುವ ತನಕದ ಅಂತರ ಇದೆಯಲ್ಲ, ಆಧುನಿಕ ಪಿಸ್ತೂಲಿನ ಚಾಂಪಿಯನ್‌ಗಳು ಅಲ್ಲಿ ಎಡವುವುದನ್ನು ಏನೆನ್ನುತ್ತೀರಿ?

ಕೊಡಗಿನ ಕೋವಿ

ಅದು ಮಾತ್ರ ಅಪ್ಪಟ ಗುರಿಯ ಪರೀಕ್ಷೆ, ಅದರಲ್ಲಿ ಅನ್ಯಾಯ ಇಲ್ಲ. ಮುಖದ ಪಕ್ಕದಲ್ಲೇ ಬಟ್ಟಲು ಭಗ್ಗೆನ್ನುತ್ತದೆ, ಹೊಸಬ ಆ ಕ್ಷಣಕ್ಕೆ ಕಣ್ಣು ಮುಚ್ಚಿ ತಲೆ ಎತ್ತುತ್ತಾನೆ, ಉಂಡೆ ಇನ್ನೂ ನಳಿಗೆಯೊಳಗೇ ಇರುತ್ತದೆ. ಬೆಂಕಿ ಕಂಡ ಮೇಲೂ ಮುಂದಿನ ಸೈಟನ್ನು ಗುರಿಯ ಮೇಲೇ ನಿಲ್ಲಿಸಿಕೊಂಡು ಇರಬೇಕು. ಮದ್ದಿಲ್ಲದೆ, ಕಲ್ಲಿನ ಜಾಗದಲ್ಲಿ ಮರದ ತುಂಡು ಕಟ್ಟಿ ಖಾಲಿ ಹೊಡೆದು ಹೊಡೆದು ರೂಢಿ ಮಾಡಿಕೊಳ್ಳಬಹುದು.

ಗುರಿಹಲಗೆಯ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಲ್ಲಿ ಇರುತ್ತದೆ. ಕಾಯಿ ಒಡೆಯಿತು, ಇಲ್ಲವೇ ಇಲ್ಲ. ನೋಡುವವರಿಗೆ ಅದೇ ಚೆಂದ. ಟಿವಿಯವರೂ ಗಾಜು, ಮಡಕೆ, ಸ್ಫೋಟಿಸುವ ಡಬ್ಬಿ ಇಡುವುದು ಅದಕ್ಕೇ. ಹಬ್ಬದ ಸ್ಪರ್ಧೆಗೆ ಅದು ಸರಿ. ಲಕ್ಷ ಡಾಲರ್ ಪಣಕ್ಕಿಟ್ಟ ಕಡೆ ಪಕ್ಕದಲ್ಲೊಂದು ಕಾಗದದ ಗುರಿಯೂ ಇರಬೇಕಿತ್ತು. ಎಷ್ಟು ತಪ್ಪಿತು, ಯಾವ ಕಡೆ ತಪ್ಪಿತು ಎಂದು ಒಡೆದ ಗಾಜು ಹೇಳುವುದಿಲ್ಲ.

ಇತಿಹಾಸ ಓದುಗಿ

ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಗೀರು ಇದೆಯೋ ಇಲ್ಲವೋ ಎನ್ನುವುದನ್ನೂ ಹೇಳಬೇಕು. ಬ್ರಿಟಿಷರ ಬ್ರೌನ್ ಬೆಸ್ ಮಸ್ಕೆಟ್ಟಿನ (ಗೀರಿಲ್ಲದ ಉದ್ದ ಕೋವಿ) ನಳಿಗೆ ಪಾಯಿಂಟ್ 75, ಉಂಡೆ ಸುಮಾರು ಪಾಯಿಂಟ್ 69. ಬೇಗ ತುಂಬಲಿ ಎಂದೇ ಅಷ್ಟು ಸಡಿಲ. ಉಂಡೆ ನಳಿಗೆಯ ಗೋಡೆಗೆ ಬಡಿಯುತ್ತಾ ಹೋಗುತ್ತದೆ, ಕೊನೆಗೆ ಯಾವ ಗೋಡೆ ತಾಗಿ ಹೊರಬಿತ್ತೋ ಅದರಂತೆ ದಿಕ್ಕು. 100 ಗಜ ದಾಟಿದರೆ ಒಬ್ಬ ಮನುಷ್ಯನಿಗೆ ಹೊಡೆಯುವ ಭರವಸೆ ಇರಲಿಲ್ಲ, ಸಾಲಾಗಿ ನಿಂತು ಒಟ್ಟಿಗೆ ಹೊಡೆಯುತ್ತಿದ್ದದ್ದು ಅದಕ್ಕೇ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಗಳು ಹುಲಿಯ ಗುರುತು ಹಾಕಿ ಮಾಡಿದ ಕಲ್ಲಿನ ಕೋವಿಗಳೂ ಇದೇ ಕಾಲದವು. ಮಸ್ಕೆಟ್ಟನ್ನೂ ಗೀರು ನಳಿಗೆಯ ಅಮೆರಿಕನ್ ಉದ್ದ ಕೋವಿಯನ್ನೂ ಒಂದೇ ದೂರದ ಗುರಿಗೆ ನಿಲ್ಲಿಸಿದರೆ ಎರಡರ ಇತಿಹಾಸವೂ ಕೆಡುತ್ತದೆ.

ಡಲ್ಲಾಸ್ ಕನ್ನಡಿಗ

ವೇಗದ ಸ್ಪರ್ಧೆಯೇ ಬೇಕಿದ್ದರೆ ಅದಕ್ಕೆ ಹೇಳಿ ಮಾಡಿಸಿದ ಕೋವಿ ಪಾಯಿಂಟ್ 303 ಲೀ ಎನ್‌ಫೀಲ್ಡ್. ಬಂಗಾಳದ ಇಶಾಪುರದಲ್ಲಿ ತಯಾರಾಗಿ ನಮ್ಮ ಪೊಲೀಸರ ಹೆಗಲಲ್ಲಿ ದಶಕಗಟ್ಟಲೆ ಇದ್ದದ್ದು. ಹತ್ತು ತೋಟೆ ಹಿಡಿಯುತ್ತದೆ, ಬೋಲ್ಟಿನ ಹಿಡಿ ಕೈಗೆ ಸಿಗುವಂತೆ ಬಾಗಿದೆ, ಸ್ಪ್ರಿಂಗ್ ಬಿಗಿಯಾಗುವುದು ಮುಚ್ಚುವಾಗ. ಮೊದಲ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ಪರೀಕ್ಷೆಯಲ್ಲಿ 300 ಗಜಕ್ಕೆ ಒಂದು ನಿಮಿಷದಲ್ಲಿ ಗುರಿಯಿಟ್ಟು 15 ಗುಂಡು ಹೊಡೆಯಬೇಕಿತ್ತು. ಅದೇ ಪರೀಕ್ಷೆಯನ್ನು ಯಥಾವತ್ತು ಟಿವಿಯಲ್ಲಿ ಇಟ್ಟರೆ ಸಾಕು, ಬೇರೆ ಗಿಮಿಕ್ ಬೇಡ.

ಎಚ್ಚರಿಕೆ ಒಂದೇ: ಈ ತೋಟೆಗೆ ಹಿಂದೆ ಅಂಚಿದೆ. ಬಿಡಿ ತೋಟೆ ತುಂಬುವಾಗ ಮೇಲಿನದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ತಳ್ಳಿದಾಗ ಎರಡೂ ಸಿಕ್ಕಿಕೊಂಡು ನಿಲ್ಲುತ್ತವೆ. ಮೊಸಿನ್‌ನಲ್ಲೂ ಅಂಚಿನ ತೋಟೆಯೇ, ಆದರೆ ಎರಡನೆಯದನ್ನು ಒತ್ತಿ ಹಿಡಿಯುವ ಒಂದು ತುಂಡು ಒಳಗಿದೆ, ಹಾಗಾಗಿ ಅಲ್ಲಿ ಈ ಕಾಟ ಕಡಿಮೆ.

ನಳಿಗೆ ನೋಟ

ಸರಿ, ಒಂದು ಹೆಜ್ಜೆ ಹಿಂದೆ ಬರುತ್ತೇನೆ. ಅಪರಿಚಿತ ಕೋವಿಗೆ ಹೊಂದಿಕೊಳ್ಳುವುದು ಗುರಿಯ ಭಾಗವೇ ಎನ್ನುವುದನ್ನು ಬಿಡುವುದಿಲ್ಲ. ಆದರೆ ಹೊಂದಿಕೊಳ್ಳಲು ಮಾಹಿತಿ ಬೇಕು ಎನ್ನುವುದು ನಿಜ. ಸ್ಪರ್ಧೆಯ ಅದೇ ಕೋವಿಯಿಂದ, ಅದೇ ಲಾಟಿನ ತೋಟೆಯಿಂದ ಕಾಗದಕ್ಕೆ 5 ಗುಂಡು ಕೊಡಲಿ. ಆ ಗುಂಪಿನ ಚಿತ್ರವನ್ನು ಪರದೆಯ ಮೂಲೆಯಲ್ಲಿ ನಮಗೂ ತೋರಿಸಲಿ. ಗುರಿಯ ಅಗಲ ಆ ಗುಂಪಿಗಿಂತ ಒಂದೂವರೆ ಪಟ್ಟು ಇರಲಿ.

ಗುರಿಕಾರ

ಇಷ್ಟಾದರೆ ನನ್ನ ತಕರಾರು ಮುಕ್ಕಾಲು ಮುಗಿಯಿತು. ಉಳಿದ ಕಾಲು ಭಾಗ ತಂಡಗಳದ್ದು. ಎರಡು ತಂಡಕ್ಕೆ ಒಂದೇ ಮಾದರಿಯ ಎರಡು ಕೋವಿ ಕೊಟ್ಟರೂ ಅವು ಒಂದೇ ಅಲ್ಲ. ಒಂದರ ನಳಿಗೆ ಸವೆದಿರುತ್ತದೆ, ಇನ್ನೊಂದರ ಮರ ನಳಿಗೆಗೆ ಒತ್ತುತ್ತಿರುತ್ತದೆ. ಅರ್ಧ ಸ್ಪರ್ಧೆ ಮುಗಿದ ಮೇಲೆ ಕೋವಿಗಳನ್ನು ಅದಲುಬದಲು ಮಾಡಿಸಿ, ಎರಡೂ ಅರ್ಧದ ಅಂಕ ಕೂಡಿಸಬೇಕು.

ಡಲ್ಲಾಸ್ ಕನ್ನಡಿಗ

ಒಪ್ಪಿಗೆ. ಬದಲಿಸುವಾಗ ಎರಡೂ ನಳಿಗೆ ಒಂದೇ ಮಟ್ಟಕ್ಕೆ ಆರಿರಬೇಕು, ಇಲ್ಲವಾದರೆ ಕಾದ ಕೋವಿ ಸಿಕ್ಕ ತಂಡಕ್ಕೆ ಗುಂಪು ಅಗಲವಾಗುತ್ತದೆ. ಬೋಲ್ಟ್ ತೆರೆದಿಟ್ಟು ಹತ್ತು ಹದಿನೈದು ನಿಮಿಷ ನೆರಳಲ್ಲಿ ನಿಲ್ಲಿಸಿದರೆ ಸಾಕು. ಆ ಹೊತ್ತಿನಲ್ಲಿ ಟಿವಿಯವರು ಕೋವಿಯ ಇತಿಹಾಸ ಹೇಳಲಿ.